ದೊಡ್ಡಮ್ಮನ ತೋಟಕ್ಕೆ ಬಿದ್ದ ಉಲ್ಕೆ

ತುಮಕೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಭೂವಿಜ್ಞಾನ ಪಾಠ ಮಾಡುತ್ತಿದ್ದ ಅನಂತರಾಜುವಿನ ಹೆಸರು ಅಚ್ಚಾಗಿದ್ದು ಮದುವೆ ಪತ್ರಿಕೆಗಳಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ ಮಾತ್ರ. ಹಾಗಾಗಿ ಆ ಶನಿವಾರ ಬೆಳಿಗ್ಗೆ ಹೆಂಡತಿ ನಂದಿತಾಳ ದೊಡ್ಡಮ್ಮ ದೊಡ್ಡಗಂಗಮ್ಮ ಗುಬ್ಬಿಯಿಂದ ಫೋನ್ ಮಾಡಿ, “ಅಳಿಯಂದ್ರೇ, ತೋಟಕ್ಕೆ ಆಕಾಶದಿಂದ ಕಲ್ಲು ಬಿದ್ದೈತೆ” ಎಂದಾಗ, ಅವನು ಬಾಯಲ್ಲಿದ್ದ ಇಡ್ಲಿಯನ್ನು ಅಗಿಯದೇ ನುಂಗಿ ಸ್ಕೂಟರ್ ಹತ್ತಿದ. ಉಲ್ಕೆಯ ವರ್ಗೀಕರಣ ವರದಿಯಲ್ಲಿ ಅದನ್ನು ಹುಡುಕಿ ತಂದವರ ಹೆಸರೂ ಬರುತ್ತದಲ್ಲ!

ಹೋಗಿ ನೋಡಿದರೆ ಕಲ್ಲು ಆಗಲೇ ಮಣೆ ಏರಿ ಹೂವು ಮುಡಿದಿತ್ತು. ದೊಡ್ಡಗಂಗಮ್ಮನ ಕೈಯಲ್ಲಿ ಹಾಲಿನ ಚೊಂಬು.

“ದೊಡ್ಡಮ್ಮಾ, ನಿಲ್ಸಿ! ಒಂದು ತೊಟ್ಟು ತಾಕಿದ್ರೂ ಪರೀಕ್ಷೆ ಕೆಡುತ್ತೆ. ಇದು ನಾನೂರೈವತ್ತು ಕೋಟಿ ವರ್ಷದ ಕಲ್ಲು!”

“ಅಷ್ಟ್ ಹಳೇದಾ? ಹಂಗಾರೆ ದೇವ್ರೇ ಬುಡಿ,” ಎಂದು ಅವರು ಚೊಂಬು ಬಗ್ಗಿಸಿದರು.

ವಿಜ್ಞಾನ ಅಲ್ಲಿಗೆ ಮುಗಿಯಿತು. ಪರೀಕ್ಷೆಗೆ ತಾಯತ ಕಟ್ಟಿಕೊಂಡು ಬಂದ ಹುಡುಗರಿಗೆ ಗಂಟೆಗಟ್ಟಲೆ ಛೀಮಾರಿ ಹಾಕುತ್ತಿದ್ದ ಅನಂತರಾಜುವಿನ ಅದೇ ಬಾಯಿ ಕಿರುಚಿತು: “ಶನಿವಾರ ಬಿದ್ದಿರೋ ಕರೀ ಕಲ್ಲು ಕಣಮ್ಮಾ! ಶನಿ! ಮನೇಲಿಟ್ಕೊಂಡ್ರೆ ಏಳೂವರೆ ವರ್ಷ ಬಿಡಲ್ಲ!”

ಹಾಲು ಚೊಂಬಿನ ಅಂಚಿನಲ್ಲೇ ನಿಂತಿತು. ಪಕ್ಕದ ತೋಟದಿಂದ ನೋಡಲು ಬಂದಿದ್ದ ರಾಮಾಂಜಿನಯ್ಯ ಮೂರು ಮಾರು ಹಿಂದೆ ಹಾರಿದ. ಅನಂತರಾಜು ಗ್ಲೌಸ್ ಹಾಕಿಕೊಂಡು ಕಲ್ಲನ್ನು ಡಬ್ಬಿಗೆ ಇಳಿಸಿದ.

“ನಮ್ ಶನೀನ ನಿಮ್ ತಲೆ ಮೇಲೆ ಹೊತ್ಕೊಂಡ್ರಲ್ಲಪ್ಪಾ!” ದೊಡ್ಡಗಂಗಮ್ಮ ಕಣ್ಣೊರೆಸಿಕೊಂಡರು. ಅವನಿಗೆ ನಾಚಿಕೆಯಾಯಿತು, ಆದರೆ ಡಬ್ಬಿ ಬಿಡುವಷ್ಟಲ್ಲ.

ತುಮಕೂರಿನ ಸದಾಶಿವನಗರದ ಮನೆ ಸೇರಿ, ಡಬ್ಬಿಯನ್ನು ವರಾಂಡದಲ್ಲಿಟ್ಟು, ಒಳಗೆ ಹೋಗಿ ಬೆಂಗಳೂರಿನ ಉಲ್ಕಾತಜ್ಞ ಚೈತನ್ಯನಿಗೆ ಫೋಟೋ ಕಳಿಸಿ ಫೋನ್ ಮಾಡಿದ.

“ಅಪ್ಪಟ ಉಲ್ಕೆ ಸಾರ್! ಸಂಜೇನೇ ಬರ್ತೀನಿ. ವರದೀಲಿ ನಿಮ್ಮ ಹೆಸರು ಗ್ಯಾರಂಟಿ.”

ಸ್ನಾನ, ಊಟ, ಒಂದು ನಿದ್ದೆ ಮುಗಿಸಿ ಹೊರಗೆ ಬಂದರೆ ಡಬ್ಬಿ ಇಲ್ಲ.

“ದೊಡ್ಡಮ್ಮ ಫೋನಲ್ಲಿ ಅತ್ಬಿಟ್ರು ಕಣ್ರೀ,” ಎಂದಳು ನಂದಿತಾ. “ಊರೋರ ಶನೀನ ನೀವ್ಯಾಕೆ ಹೊರ್ಬೇಕು? ಎದುರುಮನೆ ಸದಾಶಿವಯ್ಯನೋರು ಕಾರಲ್ಲಿ ತಗೊಂಡೋಗಿ, ಕುಣಿಗಲ್ ಕಡೆ ಕೆರೆಗೆ ಹಾಕ್ಬಿಟ್ಟು ಬಂದ್ರು.”

“ಯಾವ ಕೆರೆ?”

“ಹಾಕಿದೋರು ತಿರುಗಿ ನೋಡ್ಬಾರ್ದು, ಎಲ್ಲಿ ಅಂತ ಬಾಯೂ ಬಿಡ್ಬಾರ್ದಂತೆ. ಶಾಸ್ತ್ರ.”

ಅನಂತರಾಜು ಕಾಲು ಹಿಡಿದರೂ ಸದಾಶಿವಯ್ಯ ಬಾಯಿ ಬಿಡಲಿಲ್ಲ. “ನಿಮ್ಮ ಒಳ್ಳೇದಕ್ಕೇ ಮೇಷ್ಟ್ರೇ,” ಎಂದು ಬಾಗಿಲು ಹಾಕಿಕೊಂಡರು.

ಸಂಜೆ ಬಂದ ಚೈತನ್ಯ ವಿಷಯ ಕೇಳಿ ಕೆಂಡವಾದ. “ಇಂಥಾ ಕಲ್ಲನ್ನ ಶನಿ ಅಂತ ಇವರ ತಲೆಗೆ ತುಂಬಿದ ಆ ಮೂಢ ಯಾರು ಸಾರ್? ಹೆಸರು ಹೇಳಿ, ವರದೀಲೇ ಹಾಕ್ತೀನಿ!”

ಅನಂತರಾಜು ಬಾಯಿ ತೆರೆಯುವ ಮೊದಲೇ ಕಾಫಿ ಹಿಡಿದು ಬಂದ ನಂದಿತಾ ಹೆಮ್ಮೆಯಿಂದ ಹೇಳಿದಳು: “ಇವ್ರೇ ಸಾರ್! ನೋಡಿದ ತಕ್ಷಣ ಕಂಡುಹಿಡಿದ್ಬಿಟ್ರಂತೆ!”