ಸೋರದ ದಿನ

ಆ ರಜೆಯ ದಿನ ಬೆಳಿಗ್ಗೆ ಕಾರಿನ ಕೆಳಗಿಟ್ಟ ತಟ್ಟೆಯಲ್ಲಿ ಒಂದು ಹನಿ ಎಣ್ಣೆಯೂ ಇರಲಿಲ್ಲ. ಬೇರೆ ಯಾರೇ ಆಗಿದ್ದರೂ ಸಂತೋಷಪಡುತ್ತಿದ್ದರು. ಇವನು ತಲೆಯ ಮೇಲೆ ಕೈ ಹೊತ್ತು ಅಂಗಳದಲ್ಲೇ ಕುಕ್ಕರಿಸಿದ.

ಬೀದಿಯವರು ಅವನನ್ನು ಬಾನೆಟ್ ಎಂದು ಕರೆಯುತ್ತಿದ್ದರು. ಕೆಲಸ ಮಾಡುವ ನೀರಿನ ಕಚೇರಿಯಲ್ಲಿ ಅವನಿಗೆ ಸರಿಯಾದ ಹೆಸರೇ ಇತ್ತು. ಆದರೆ ಮನೆಯಲ್ಲಿದ್ದಾಗಲೆಲ್ಲ ಆ ಹಳೆಯ ಬ್ರಿಟಿಷ್ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೆ ಹೂತುಕೊಂಡಿರುತ್ತಿದ್ದುದರಿಂದ ನೆರೆಹೊರೆಗೆ ಅವನ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. ಕಾರು ಸೋದರಮಾವ ಬಿಟ್ಟುಹೋದದ್ದು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಆಕಾಶ. ನೋಡುವುದಕ್ಕೆ ಜೂಜಿನ ಕುದುರೆ, ಸಾಕುವುದಕ್ಕೆ ಮುನಿಸಿಕೊಂಡ ಅಳಿಯ.

"ಸೋರ್ತಾ ಇದ್ರೆ ಒಳಗೆ ಎಣ್ಣೆ ಇದೆ ಅಂತ ಅರ್ಥ ಕಣೋ. ಸೋರೋದು ನಿಂತ ದಿನ ಗಾಬರಿಯಾಗು" ಎಂದು ಆ ಮಾವ ಹೇಳಿಹೋಗಿದ್ದ. ಎಣ್ಣೆ ಅಳೆಯುವ ಕಡ್ಡಿಯನ್ನು ನಂಬುವ ಹಾಗಿರಲಿಲ್ಲ. ಮೂಲದ ಕಡ್ಡಿ ಎಂದೋ ಮುರಿದು, ಅದರ ಜಾಗಕ್ಕೆ ಮಾವ ಛತ್ರಿಯ ಕಡ್ಡಿಯೊಂದನ್ನು ಕತ್ತರಿಸಿ, ಅಂದಾಜಿಗೆ ಒಂದು ಗೀರು ಹಾಕಿಟ್ಟಿದ್ದ. ತಟ್ಟೆಯೊಂದೇ ಸತ್ಯ ಹೇಳುತ್ತಿತ್ತು: ರಾತ್ರಿಯಿಡೀ ಸೇರಿ ನಾಲ್ಕು ಹನಿ ಬಿದ್ದಿದ್ದರೆ ಎಲ್ಲ ಕ್ಷೇಮ.

ಅದೂ ಈ ದಿನವೇ ಹೀಗಾಗಬೇಕೆ! ಸಂಜೆ ಕಾರು ಕೊಳ್ಳಲು ಒಬ್ಬ ಹಲ್ಲಿನ ಡಾಕ್ಟರು ಬರುವವರಿದ್ದರು. ಹೆಂಡತಿ ಹಾಕಿಸಿದ ಜಾಹೀರಾತಿಗೆ ಬಂದ ಉತ್ತರ ಅದೊಂದೇ.

"ನಂಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ" ಎಂದು ಅವಳು ಮೊದಲೇ ಹೇಳಿದ್ದಳು. "ಆದ್ರೆ ಅದರಲ್ಲಿ ಕೂರೋದು ಅಂದ್ರೆ ಬಾವಿಗೆ ಇಳಿದ ಹಾಗೆ. ಮೊಣಕಾಲು ಕೇಳಲ್ಲ. ಮಳೆ ಬಂದ್ರೆ ಮಡಿಲಲ್ಲಿ ಕೆರೆ. ತಲೆ ಮೇಲೊಂದು ಸೂರಿರೋ ಕಾರು ತನ್ನಿ, ಸಾಕು."

ಅವನು ವಾದಿಸಿರಲಿಲ್ಲ. ಅವನಿಗೂ ಸಾಕಾಗಿತ್ತು. ಒಂದೇ ಒಂದು ರಜೆಯ ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಬಿಳಿ ಉಗುರುಗಳನ್ನು ನೋಡಿಕೊಳ್ಳುತ್ತ ಸುಮ್ಮನೆ ಕೂರಬೇಕು. ಅವನ ಆಸೆ ಇಷ್ಟೇ.

ಎದುರುಮನೆಯ ನಿವೃತ್ತ ಹೆಡ್ಮಾಸ್ತರು ಬಂದು ಒಣಗಿದ ತಟ್ಟೆಯನ್ನು ದಡ್ಡ ಹುಡುಗನ ಉತ್ತರಪತ್ರಿಕೆಯಂತೆ ನೋಡಿದರು. "ಎಂಜಿನ್ನು ಎಣ್ಣೆಯೆಲ್ಲ ಕುಡಿದುಬಿಟ್ಟಿದೆಯಯ್ಯ. ಸುರಿ."

ಬಾನೆಟ್ ಒಂದು ಡಬ್ಬಿ ಸುರಿದ. ಕೆಳಗೆ ಮಲಗಿ ಕಾದ. ಹನಿ ಇಲ್ಲ.

"ಬಾಯಾರಿಕೆ ಇನ್ನೂ ತೀರಿಲ್ಲ. ಸುರಿ, ಸುರಿ!"

ಎರಡನೆಯ ಡಬ್ಬಿಯೂ ಮುಗಿಯಿತು. ಪಕ್ಕದ ಮನೆಯ ಟೈಲರ್ ಪುಟ್ಟ ಕುಪ್ಪಿಯೊಂದನ್ನು ಹಿಡಿದು ಓಡಿಬಂದ. "ಹೊಲಿಗೆ ಮೆಷೀನಿಂದು, ಬಾನೆಟ್ಟಣ್ಣ. ಸ್ವಲ್ಪಾನೇ ಇದೆ, ಆದ್ರೆ ಶುದ್ಧವಾದದ್ದು." ಬೇಡ ಎನ್ನಲು ಮನಸ್ಸು ಬರದೆ ಅದನ್ನೂ ಸುರಿದದ್ದಾಯಿತು.

ಮಧ್ಯಾಹ್ನ ಹೆಂಡತಿ ಊಟದ ತಟ್ಟೆ ಹಿಡಿದು ಬಂದಳು. ಕಾರಿನ ಕೆಳಗೆ ಕಾಣುತ್ತಿದ್ದ ಮುಖ, ಎರಡು ಕೈಗಳು, ಎಲ್ಲವೂ ಕಪ್ಪು. ಅವಳು ನಿಟ್ಟುಸಿರುಬಿಟ್ಟು, ನೋಯುವ ಮೊಣಕಾಲನ್ನು ನಿಧಾನವಾಗಿ ಮಡಚಿ ನೆಲದ ಮೇಲೆ ಕೂತಳು.

"ಬಾಯಿ ತೆಗೀರಿ."

ಅವನು ಬಾಯಿ ತೆರೆದ. ತುತ್ತು ಬಿತ್ತು. ಅದೇ ಗಳಿಗೆಗೆ ಹಣೆಯ ಮೇಲೆ ಒಂದು ಹನಿ ಎಣ್ಣೆಯೂ ಬಿತ್ತು.

"ಸೋರಿತು!" ಎಂದು ಅವನು ತುಂಬಿದ ಬಾಯಲ್ಲೇ ಕೂಗಿದ. ಸೋರಿತು, ನಿಜ. ಆದರೆ ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ತಟ್ಟೆ ತುಂಬಿ ತುಳುಕುತ್ತಿತ್ತು.

ಆಗ ಮಹಡಿಯ ಮನೆಯ ಅಜ್ಜಿ ಮೇಲಿನಿಂದ ಬಗ್ಗಿದರು. "ಅಯ್ಯೋ, ಮತ್ತೆ ಕೊಳೆ ಮಾಡಿಬಿಟ್ಯೇನಪ್ಪಾ? ಕೊಳ್ಳೋರು ಬರ್ತಾರೆ, ನೋಡಿದ್ರೆ ಏನಂದುಕೊಂಡಾರು ಅಂತ ನೀನು ಏಳೋ ಮೊದಲೇ ಆ ತಟ್ಟೇನ ತಿಕ್ಕಿ ತೊಳೆದಿಟ್ಟಿದ್ದೆನಲ್ಲ!"

ಹೆಡ್ಮಾಸ್ತರು ಆಕಾಶ ನೋಡಿದರು. ಟೈಲರ್ ಖಾಲಿ ಕುಪ್ಪಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ತುಂಬಾ ಉಪಕಾರ ಆಯ್ತು ಅಜ್ಜಿ" ಎಂದ ಬಾನೆಟ್. ಅಷ್ಟರಲ್ಲಿ ಡಾಕ್ಟರು ಗೇಟು ತೆರೆಯುತ್ತಿದ್ದರು.

ಹೆಚ್ಚಾದ ಎಣ್ಣೆ ತೆಗೆಯಲು ಸಮಯವಿರಲಿಲ್ಲ. ಡಾಕ್ಟರು ಸೀಟಿಗೆ ಇಳಿದರು, ಬಾನೆಟ್ ಕೀಲಿ ತಿರುಗಿಸಿದ. ಕಾರು ಮುದುಕನಂತೆ ಕೆಮ್ಮಿ ನೀಲಿ ಹೊಗೆ ಕಾರಿತು. ಹೊಗೆ ಬೀದಿಯನ್ನು ತುಂಬಿ, ಟೈಲರ್ ಬಾಗಿಲಲ್ಲಿ ತೂಗುಹಾಕಿದ್ದ ಬಿಳಿಯ ಅಂಗಿಗಳನ್ನೆಲ್ಲ ಬೂದಿಬಣ್ಣ ಮಾಡಿತು. ನಾಲ್ಕು ಮನೆ ದಾಟುವಷ್ಟರಲ್ಲಿ ಏನೋ ಟಣ್ ಎಂದು ಉದುರಿ, ಕಾರು ಬೀದಿಯ ನಟ್ಟನಡುವೆ ನಿಂತಿತು.

ಬಾನೆಟ್ ಕಣ್ಣು ಮುಚ್ಚಿಕೊಂಡು ಶಬ್ದವನ್ನು ನೆನೆದ. "ಆಕ್ಸಿಲರೇಟರಿನ ಕಂಬಿಯ ಪಿನ್ನು" ಎಂದ. ಹಿಂದೆ ಓಡಿಬಂದಿದ್ದ ಹೆಂಡತಿ ತನ್ನ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಕೊಟ್ಟಳು. ಅವನು ಬಾನೆಟ್ಟಿನೊಳಗೆ ಕೈಹಾಕಿ, ನೋಡದೆಯೇ ಅದನ್ನು ಸಿಕ್ಕಿಸಿ ತಿರುಚಿದ. "ಇವತ್ತೊಂದು ದಿನ ಮಾನ ಉಳಿಸೇ, ತಾಯಿ" ಎಂದು ಕಾರಿನೊಡನೆ ಗೊಣಗಿದ. ಕಾರು ಗುರ್ರೆಂದಿತು.

ಕಾರು ಮನೆಗೆ ಮರಳಿತು. ಇಳಿದ ಮೇಲೆ ಡಾಕ್ಟರು ಕನ್ನಡಕ ಒರೆಸಿಕೊಂಡರು.

"ನಿಜ ಹೇಳ್ತೀನಿ. ನನ್ನ ಹತ್ರಾನೂ ಇಂಥದ್ದೇ ಒಂದಿದೆ, ನಿಂತುಹೋಗಿದೆ. ನಿಮ್ಮದನ್ನ ಕೊಂಡು, ಭಾಗ ಕಿತ್ತು ನನ್ನದಕ್ಕೆ ಹಾಕೋಣ ಅಂತ ಬಂದಿದ್ದೆ. ಆದ್ರೆ ಜೀವ ಇರೋ ಹಲ್ಲನ್ನ ನಾನು ಯಾವತ್ತೂ ಕೀಳೋನಲ್ಲ. ನೀವು ಅದನ್ನ ತಾಯಿ ಅಂತ ಕರೆದ್ರಿ. ಇಂಥವರ ಕೈಯಿಂದ ಕಿತ್ಕೊಳ್ಳೋದೇ?"

"ಇಲ್ಲ ಡಾಕ್ಟ್ರೇ, ಕಿತ್ಕೊಳ್ಳಿ! ದಯವಿಟ್ಟು ಕಿತ್ಕೊಳ್ಳಿ!"

"ಎಂಥ ಮನುಷ್ಯ! ನೋವು ನುಂಗಿಕೊಂಡು ಹೇಳ್ತಿದಾನೆ" ಎಂದು ಹೆಡ್ಮಾಸ್ತರು ಗದ್ಗದಿತರಾದರು. ಟೈಲರ್ ಬೂದಿಬಣ್ಣದ ಅಂಗಿಯಲ್ಲಿ ಕಣ್ಣೊರೆಸಿಕೊಂಡ. ಡಾಕ್ಟರು ಬಾನೆಟ್‌ನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಒತ್ತಿ ಹೊರಟುಹೋದರು.

ಒಂದು ಗಂಟೆ ಉಗುರು ತಿಕ್ಕಿದ ಮೇಲೆ ಬಾನೆಟ್ ಕುರ್ಚಿ ತಂದು ಹಾಕಿಕೊಂಡ. ಕೂರುವಷ್ಟರಲ್ಲಿ ಗೇಟಿನ ಮುಂದೆ ಒಂದು ಲಾರಿ ನಿಂತಿತು. ಅದರ ಬೆನ್ನ ಮೇಲೆ ಹಗ್ಗ ಬಿಗಿದ, ತುಕ್ಕು ಹಿಡಿದ ಒಂದು ಕಾರು.

"ಡಾಕ್ಟ್ರು ಕಳಿಸಿದಾರೆ" ಎಂದ ಚಾಲಕ. "ಇದೂ ನಿಮ್ಮ ಹತ್ರಾನೇ ಇರಲಿ, ನಿಮ್ಮ ಕೈಯಲ್ಲಾದ್ರೆ ಬದುಕುತ್ತೆ ಅಂದ್ರು. ದುಡ್ಡು ಗಿಡ್ಡು ಏನೂ ಬೇಡವಂತೆ."

ಹೆಂಡತಿ ಹೊರಗೆ ಬಂದು ನೋಡಿದಳು. ಅವಳ ಮುಖ ಅರಳಿತು. "ಅರೇ! ಇದಕ್ಕೆ ಸೂರಿದೆ ರೀ!"

ಕಾರನ್ನು ಇಳಿಸಿದ ಮೇಲೆ ಬಾನೆಟ್ ಬಾಗಿಲು ತೆರೆದು ಒಳಗೆ ಇಣುಕಿದ. ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಅವನ ಅಂಗಳದ ಮಣ್ಣೇ ಕಾಣಿಸಿತು. ಇರುವೆಗಳು ಸಾಲಾಗಿ ಹೋಗುತ್ತಿದ್ದವು.

"ಹೌದು. ಸೂರಿದೆ" ಎಂದ. "ನೆಲ ಇಲ್ಲ."

ಮಹಡಿಯ ಅಜ್ಜಿ ಮೆಟ್ಟಿಲು ಹಿಡಿದುಕೊಂಡು ಇಳಿದು ಬಂದರು. ಕೈಯಲ್ಲಿ ಅವರ ಅಡುಗೆಮನೆಯ ಹೊಳೆಯುವ ತಟ್ಟೆ. "ಇದೂ ಸೋರುತ್ತಲ್ವೇನಪ್ಪಾ? ಇಟ್ಕೋ. ಈ ಸಲ ತೊಳೆಯೋಕೆ ಬರಲ್ಲ, ಆಣೆಗೂ."

ಅವನು ತಟ್ಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಹೊಸ ಕಾರಿನ ಕೆಳಗೆ ತಳ್ಳಿ, ಅದರ ಬಾನೆಟ್ಟನ್ನು ಎತ್ತಿದ. ಬೀದಿಗೆ ಮತ್ತೆ ಅವನ ಬೆನ್ನು ಕಾಣಿಸಿತು. ಖಾಲಿ ಕುರ್ಚಿಯಲ್ಲಿ ಲಾರಿಯ ಚಾಲಕ ಕೂತು ಕಾಲು ಚಾಚಿದ.

ಹೆಂಡತಿ ಅವನ ಹಿಂದೆ ಬಂದು ನಿಂತಳು. ಆಮೇಲೆ ತಲೆಯಿಂದ ಇನ್ನೊಂದು ಹೇರ್‌ಪಿನ್ ತೆಗೆದು ಅವನ ಭುಜದ ಮೇಲಿಂದ ಚಾಚಿದಳು.

"ತಗೊಳ್ಳಿ. ಇನ್ನು ಉಳಿದಿರೋದು ಇದೊಂದೇ."