ಫುಲ್ಲಿಗಿಟ್ಟ ನೆಟ್‌ವರ್ಕ್ ಕಾರ್ಡು

ನಮ್ಮ ಅಂಗಡಿಯ ಯಜಮಾನರಿಗೊಂದು ಅಭ್ಯಾಸ. ತಿರುಗಿಸುವಂಥದ್ದು ಏನೇ ಕಣ್ಣಿಗೆ ಬೀಳಲಿ, ಕೊನೆತನಕ ತಿರುಗಿಸಿಬಿಡಬೇಕು. ಫ್ಯಾನಾದರೆ ಐದು, ರೇಡಿಯೋ ಆದರೆ ಪಕ್ಕದ ಅಂಗಡಿಗೂ ಕೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ, ಪಾಂಡವಪುರದ ಅವರ ಡಿ.ಟಿ.ಪಿ. ಅಂಗಡಿಯಲ್ಲಿ ನಾನು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಇಂಥವರ ಹತ್ತಿರ ಕೆಲಸಕ್ಕಿದ್ದರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ; ನಗು ತಡೆದುಕೊಳ್ಳುವುದೇ ಕಷ್ಟ.

೧. ಕಲ್ಲು

ಫ್ಯಾನಿನ ಗಾಳಿಗೆ ಪ್ರೂಫ್ ಹಾಳೆಗಳು ರಸ್ತೆಗೆ ಹಾರುತ್ತಿದ್ದವು. ಒಮ್ಮೆ ಗಂಡಿನ ಕಡೆಯವರ ಹೆಸರುಗಳೆಲ್ಲ ಎದುರಿನ ಸೈಕಲ್ ಶಾಪಿನಲ್ಲಿ ಸಿಕ್ಕವು. ಎರಡು ದಿನ ಧೈರ್ಯ ಕೂಡಿಸಿಕೊಂಡು, ಫ್ಯಾನ್ ಸ್ವಲ್ಪ ಕಮ್ಮಿ ಮಾಡಲೇ ಎಂದು ಕೇಳಿದೆ. ಮರುದಿನ ಅವರು ಚಿನಕುರಳಿಯಿಂದ ಒಂದು ಚೀಲ ಕಲ್ಲಿನ ಚೂರು ತರಿಸಿ, ಒಂದೊಂದು ಹಾಳೆಯ ಮೇಲೂ ಒಂದೊಂದು ಇಡಿಸಿದರು. ಫ್ಯಾನ್ ಐದರಲ್ಲೇ ಇತ್ತು.

೨. ಕಾರ್ಡು

ಒಳಗಿನ ಕಂಪ್ಯೂಟರ್ ನನ್ನದು. ಮುಂದೆ ಪ್ರಿಂಟರ್ ಪಕ್ಕದ್ದು ಅವರದು. ದೇವರ ಚಿತ್ರವಿರುವ ಪತ್ರಿಕೆ ಫ್ಲಾಪಿಯಲ್ಲಿ ಹಿಡಿಸುತ್ತಿರಲಿಲ್ಲವೆಂದು, ಮೈಸೂರಿನಿಂದ ಮೆಕ್ಯಾನಿಕ್ ಬಂದು ಎರಡಕ್ಕೂ ವೇಗದ ನೆಟ್‌ವರ್ಕ್ ಕಾರ್ಡು ಹಾಕಿ, ನಡುವೆ ಕೇಬಲ್ ಎಳೆದು ಹೋದ. ಎರಡು ದಿನ ಚಿತ್ರಗಳು ಹಾರಿದವು. ಮೂರನೇ ದಿನ ಒಂದು ಗಣಪತಿ ಆ ಕಡೆ ಸೇರುವಷ್ಟರಲ್ಲಿ ಎರಡು ಸಲ ಟೀ ಬಂತು.

ಶನಿವಾರದೊಳಗೆ ಸರಿಹೋಗದಿದ್ದರೆ ಕಾರ್ಡುಗಳು ವಾಪಸ್ಸು, ಒಳಗಿನ ಕಂಪ್ಯೂಟರೂ ವಾಪಸ್ಸು ಎಂದರು ಯಜಮಾನರು. ನನ್ನ ಕೆಲಸ ಇದ್ದದ್ದೇ ಆ ಕಂಪ್ಯೂಟರಿನ ಮುಂದೆ. "ನೀನು ಇಂಗ್ಲೀಸ್ ಸ್ಕೂಲಲ್ಲಿ ಓದಿರೋಳು. ಓದ್ಬುಟ್ಟು ಸರಿ ಮಾಡವ್ವ" ಎಂದು ಕಾರ್ಡಿನ ಜೊತೆ ಬಂದಿದ್ದ ಪುಸ್ತಕ ಕೊಟ್ಟರು. ನಮ್ಮ ಶಾಲೆಯ ಇಂಗ್ಲಿಷಿನ ತುಂಬ ರಾಜಕುಮಾರಿಯರಿದ್ದರು. ಇದರಲ್ಲಿ ಒಬ್ಬಳೂ ಸಿಗಲಿಲ್ಲ.

೩. ರಾಹುಕಾಲ

ಯಾವ ಸೆಟ್ಟಿಂಗ್ ಬದಲಿಸಿದರೂ ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕಿತ್ತು. ಶುಕ್ರವಾರ ಹತ್ತೂ ಮುಕ್ಕಾಲಿಗೆ ಏನೋ ಬದಲಿಸಿ ಆಫ್ ಮಾಡಿದೆ. ಆನ್ ಮಾಡಲು ಯಜಮಾನರು ಬಿಡಲಿಲ್ಲ, ಹನ್ನೆರಡರತನಕ ರಾಹುಕಾಲ. ಮಗಳ ಪತ್ರಿಕೆಗೆಂದು ಬೂಕನಕೆರೆಯಿಂದ ಬಂದಿದ್ದ ರೈತರೊಬ್ಬರು ಬಸ್ಸು ತಪ್ಪುತ್ತದೆಂದು ಗೊಣಗಿದರು.

"ಮಿಸನ್‌ಗೂ ರಾವುಕಾಲವಾ?"

"ಮಿಸನ್‌ಗಲ್ಲ ಕಣ್ಲಾ, ನಿನ್ ಮಗಳ ಲಗ್ನಪತ್ರಿಕೆಗೆ."

ಅವರು ತಟ್ಟನೆ ಕೂತರು. ಆಮೇಲೆ ಅವಸರ ಮಾಡಿದವರನ್ನೆಲ್ಲ ಅವರೇ ಗದರಿ ಕೂರಿಸಿದರು.

೪. ಫುಲ್

ಆ ಬಿಡುವಿನಲ್ಲಿ ಪುಸ್ತಕ ಓದಿ ಮುಗಿಸಿದೆ. ಕಾರ್ಡಿಗೆ ಮೂರು ಆಯ್ಕೆ: ಆಟೋ, ಹಾಫ್, ಫುಲ್. ಫುಲ್ ಎಂದರೆ ಎರಡೂ ಕಡೆಯಿಂದ ಒಟ್ಟಿಗೆ ಓಡಾಟ. ಹಾಫ್ ಎಂದರೆ ಶ್ರೀರಂಗಪಟ್ಟಣದ ಹಳೇ ಸೇತುವೆಯ ಹಾಗೆ, ಒಬ್ಬರು ದಾಟುವತನಕ ಇನ್ನೊಬ್ಬರು ಕಾಯಬೇಕು. ಎರಡೂ ಆಟೋದಲ್ಲಿದ್ದರೆ ತಾವೇ ಹೊಂದಿಕೊಂಡು ಓಡುತ್ತವೆ. ಒಂದನ್ನು ಮಾತ್ರ ಫುಲ್ಲಿಗೆ ತಿರುಗಿಸಿದರೆ ಇನ್ನೊಂದು ಹಾಫಿಗೆ ಇಳಿದುಬಿಡುತ್ತದೆ. ಸೇತುವೆ ಮಧ್ಯೆ ಬಸ್ಸೂ ಎತ್ತಿನಗಾಡಿಯೂ ಮೂತಿಗೆ ಮೂತಿ.

ಯಜಮಾನರ ಕಂಪ್ಯೂಟರ್ ನೋಡಿದೆ. ಫುಲ್. ಯಾರಿಟ್ಟರೆಂದು ಕೇಳಬೇಕಿರಲಿಲ್ಲ. ಅವರು ಊಟಕ್ಕೆ ಹೋದಾಗ ಆಟೋಗೆ ತಂದೆ. ಸಂಜೆಗೆ ಮತ್ತೆ ಫುಲ್. ಫ್ಯಾನನ್ನೇ ಇಳಿಸಲಾಗದವಳು ಇದನ್ನು ಇಳಿಸುತ್ತೇನೆಯೇ? ಶನಿವಾರ ಅವರು ಬರುವ ಮೊದಲೇ ಬಂದು ನನ್ನದನ್ನೂ ಫುಲ್ಲಿಗಿಟ್ಟೆ. ಗಣಪತಿ ಒಂದೇ ನೆಗೆತಕ್ಕೆ ದಾಟಿದ.

ಕಾರ್ಡು ಬಿಚ್ಚಿಕೊಂಡು ಹೋಗಲು ಬಂದ ಮೆಕ್ಯಾನಿಕ್‌ಗೆ ಯಜಮಾನರು ಟೀ ಕುಡಿಸಿದರು. "ನಾನೇ ಫುಲ್ಗೆ ಮಡಗಿದ್ದೆ ಕಣಪ್ಪ. ಒಸದಲ್ವಾ, ವಸಿ ಬಿಗಿ ಇತ್ತು. ಈಗ ಸಡ್ಲ ಆಯ್ತು."

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಹಾಳೆ ನೋಡಿದೆ.

ಅವನು ಹೋದ ಮೇಲೆ ಯಜಮಾನರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು:

"ಅವ್ವಾ, ಈ ಫುಲ್ಗಿಂತ ಮ್ಯಾಲಿಂದು ಒಂದು ಇದ್ದೇ ಇರ್ತದೆ. ಅದು ಎಲ್ಲೈತೆ ಅಂತ ತೋರ್ಸ್ಬುಡು."

ನಾನು ಚಿನಕುರಳಿಯ ಚೀಲದಿಂದ ದೊಡ್ಡದೊಂದು ಕಲ್ಲು ಆರಿಸಿ, ಕಾರ್ಡಿನ ಪುಸ್ತಕದ ಮೇಲಿಟ್ಟೆ.