ಮುಡಬಿ ಕಾಕಾನ ತೂಕ

ಹುಮನಾಬಾದದ ದವಾಖಾನ್ಯಾಗ ನಾ ಡಯಾಲಿಸಿಸ್ ನರ್ಸ್. ಕಿಡ್ನಿ ಕೈಕೊಟ್ಟವರ ಮೈಯಾಗ ನಿಂತ ನೀರು ಮಷಿನ್ ಹಚ್ಚಿ ತೆಗೀತೀವಿ. ಆ ನೀರು ಒಳಗ ಹ್ಯಾಂಗ ಹೋಯ್ತು ಅಂತ ಕೇಳಿದ್ರ ಮಾತ್ರ ಇಲ್ಲಿತನ ಒಬ್ಬರಿಗೂ ಗೊತ್ತಿಲ್ಲ.

ಕಾಂಟಾ

ಮುಡಬಿ ಕಾಕಾ ಕುರಿ ವ್ಯಾಪಾರಿ. ಮಷಿನ್ ಹಚ್ಚೋ ಮೊದಲು ಕಾಂಟಾದ ಮ್ಯಾಲ ನಿಲ್ಲಿಸಿ ತೂಕ ನೋಡಬೇಕು. ಹಿಂದಿನ ಸರ್ತಿಗಿಂತ ಎರಡು ಕಿಲೋದ ಮ್ಯಾಲ ಏರಿದ್ರ ನೀರು ಎದಿಗಿ ಬರ್ತದ, ಜೀವಕ್ಕೇ ಬರ್ತದ. ಕಾಕಾ ನಾಕು ಏರಿದ್ರು.

"ನಿಮ್ಮ ಕಾಂಟಾ ಖರಾಬ್ ಅದ, ಸಿಸ್ಟರ್."

ಖರಾಬ್ ಇಲ್ಲ ಅಂತ ತೋರಸಾಕ ನಾನೇ ಹತ್ತಿ ನಿಂತೆ. ಕಾಕಾ ಬಗ್ಗಿ ಮುಳ್ಳು ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು.

"ಹೌದ್ರಿ, ಬರೋಬ್ಬರಿ ಅದ."

ಅವತ್ತಿಂದ ನಾ ಅದರ ಮ್ಯಾಲ ಕಾಲಿಟ್ಟಿಲ್ಲ.

ಬೀಗರು

ದಿನಕ್ಕ ಇಷ್ಟೇ ನೀರು ಅಂತ ಒಂದು ಸಣ್ಣ ತಂಬಿಗಿ ಗೊತ್ತು ಮಾಡಿಕೊಟ್ಟೆ. ಮುಂದಿನ ಸರ್ತಿ ಮತ್ತ ನಾಕು ಕಿಲೋ.

"ತಂಬಿಗಿ ಮುಟ್ಟಿಲ್ರಿ," ಅಂದ್ರು ಕಾಕಾ. "ಮಂಠಾಳಕ್ಕ ಬೀಗರ ಮನಿಗಿ ಹೋಗಿದ್ದೆ. ಚಾ, ಮಜ್ಜಿಗಿ, ಶರಬತ್ ಕೊಟ್ರು. ಬ್ಯಾಡ ಅಂದ್ರ ಸಿಟ್ಟಾಗ್ತಾರ."

"ಕಾಕಾ, ಎದಿ ಸಿಟ್ಟಾದ್ರ?"

"ಎದಿ ಸಿಟ್ಟಾದ್ರ ನೀವದೀರಿ. ಬೀಗರು ಸಿಟ್ಟಾದ್ರ ಯಾರದಾರ್ರಿ?"

ಉಪ್ಪು

ಒಂದಿನ ಕಾಕಾನ ಇಬ್ಬರು ಹಿಡಕೊಂಡು ಬಂದ್ರು. ಉಸಿರು ಸಿಗವಲ್ದು, ಮಾತು ಹೊರಡವಲ್ದು. ಹೊರಗ ಅವರ ಹೆಂಡತಿ, ಕಾಕು, ಸೆರಗು ಬಾಯಿಗಿ ಒತ್ತಿಕೊಂಡು ಅಳಾಕತ್ತಿದ್ದಳು. ಲಗೂನ ಮಷಿನ್ ಹಚ್ಚಿದೆ. ಮಷಿನ್ ನೀರು ಎಳೀತು, ಕಾಕಾ ಉಳಿದ್ರು.

ಚೇತರಿಸಿಕೊಂಡ ಮ್ಯಾಲ ಗಂಡ ಹೆಂಡತಿ ಇಬ್ಬರನ್ನೂ ಕುಂಡ್ರಿಸಿ ಹೇಳಿದೆ: "ಉಪ್ಪಿನಕಾಯಿ, ಹಪ್ಪಳ ಬಿಡ್ರಿ. ಉಪ್ಪು ತಿಂದ್ರ ನೀರಡಿಕಿ ಆಗ್ತದ, ನೀರು ಕುಡದ್ರ ತೂಕ ಏರ್ತದ."

"ಗೊತ್ತದ ತಗೋರಿ," ಅಂದ್ರು ಕಾಕಾ. "ಸಂತಿಗಿ ಒಯ್ಯೋ ಮುಂದ ನಾವು ಕುರಿಗಿ ಉಪ್ಪು ತಿನ್ನಿಸಿ ನೀರು ಕುಡಸ್ತೇವಿ. ತೂಕ ಚಲೋ ಬರ್ತದ."

"ಗೊತ್ತಿದ್ದೂ ತಿಂತೀರಾ?"

"ಅದು ಕುರೀದು, ಸಿಸ್ಟರ್."

ಕಾಕು ಸೆರಗು ಸೊಂಟಕ್ಕ ಸಿಗಿಸಿಕೊಂಡು ಎದ್ದಳು.

ಮುಂದಿನ ಸರ್ತಿ ಬರೇ ಒಂದೂವರಿ ಕಿಲೋ! ಖುಷಿ ತಡಿಲಾರದ, "ಹ್ಯಾಂಗ ಸಾಧಿಸಿದಿ, ಕಾಕು?" ಅಂತ ಕೇಳಿದೆ.

"ಉಪ್ಪಿನಕಾಯಿ ಭರಣಿಗಿ ಕೈ ಹಾಕಿದ್ರು. 'ತಿನ್ರಿ, ನಾಳಿ ಸಂತಿ ಅದ' ಅಂದೆ. ಕೈ ತೆಗದ್ರು."

ಕಾಕಾ ಕಾಂಟಾದಿಂದ ಇಳಿದು, "ಈ ತೂಕಕ್ಕ ನನ್ನ ಯಾರೂ ಕೊಳ್ಳಂಗಿಲ್ಲ ಬಿಡ್ರಿ," ಅಂದ್ರು.

ಕಾಕು ಅವರ ಚಪ್ಪಲಿ ಮುಂದ ಸರಿಸಿದಳು.

"ಕೊಳ್ಳೋದೂ ಬ್ಯಾಡ. ಇದು ಮಾರಾಕ ಸಾಕಿದ್ದಲ್ಲ."